ಡಾಪ್ಲರ್ ಪರೀಕ್ಷೆ ಕೂಪನ್ನಿನ ಸರಕಲ್ಲ

ನಮ್ಮ ಸಂಘದ ವಾರ್ಷಿಕೋತ್ಸವದ ಅಂಗವಾಗಿ ನಡೆಯುವ ಆರೋಗ್ಯ ಶಿಬಿರಕ್ಕೆ ಈ ಸಲ ಹೊಸದೊಂದು ಸೂಚನೆ ಬಂದಿದೆ. ಸ್ಕ್ಯಾನ್ ಕೇಂದ್ರವೊಂದು ಸದಸ್ಯರ ಕುಟುಂಬಗಳಿಗೆ ರಿಯಾಯಿತಿ ಕೂಪನ್ನು ಕೊಡುವುದಂತೆ. ಐವತ್ತು ದಾಟಿದ ಯಾರೇ ಆಗಲಿ, ಕೂಪನ್ನು ತೋರಿಸಿದರೆ ಅರ್ಧ ದರದಲ್ಲಿ ಕಿಡ್ನಿಯ ‘ಕಲರ್ ಡಾಪ್ಲರ್’ ಮಾಡಿಸಿಕೊಳ್ಳಬಹುದಂತೆ. ಪ್ರತಿಯಾಗಿ ನಮ್ಮ ಸ್ಮರಣ ಸಂಚಿಕೆಗೆ ಪೂರ್ಣ ಪುಟದ ಜಾಹೀರಾತು ಬರುವುದಂತೆ. ಸೂಚನೆ ತಂದವರ ಕಾಳಜಿಯಲ್ಲಿ ನಮಗೆ ಎಳ್ಳಷ್ಟೂ ಸಂದೇಹವಿಲ್ಲ. ಆದರೂ ನಾವು ಇದನ್ನು ವಿರೋಧಿಸುತ್ತೇವೆ. ಏಕೆ ವಿರೋಧಿಸುತ್ತೇವೆ ಎಂಬುದನ್ನು ಸಭೆಯ ಗದ್ದಲದಲ್ಲಿ ಹೇಳುವುದಕ್ಕಿಂತ ಈ ಪುಟಗಳಲ್ಲಿ ಸಾವಧಾನವಾಗಿ ಹೇಳುವುದು ಮೇಲೆಂದು ಬರೆಯುತ್ತಿದ್ದೇವೆ.

ಮೊದಲೇ ಒಂದು ಮಾತು. ನಾವು ವೈದ್ಯರಲ್ಲ. ಬಿ.ಎಸ್ಸಿ. ಓದಿ, ಕೇಂದ್ರ ಸರಕಾರದ ಕಚೇರಿಯಲ್ಲಿ ಕಡತಗಳ ನಡುವೆ ತಲೆ ನರೆಸಿಕೊಳ್ಳುತ್ತಿರುವ ಗುಮಾಸ್ತರು. ಆದರೆ ಡಾಪ್ಲರ್ ಎಂಬುದು ಮೂಲತಃ ಭೌತಶಾಸ್ತ್ರದ ಮಾತು, ಅದು ನಮ್ಮ ಪಠ್ಯದಲ್ಲಿತ್ತು. ಕಡತದ ಅನುಭವವೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕಚೇರಿಯಲ್ಲಿ ಯಾವ ಕಡತವೂ ಸುಮ್ಮನೆ ಮೇಲಧಿಕಾರಿಯ ಮೇಜಿಗೆ ಹೋಗುವುದಿಲ್ಲ. ‘ಇಂಥ ವಿಷಯದಲ್ಲಿ ಇಂಥ ನಿರ್ಣಯ ಬೇಕಾಗಿದೆ’ ಎಂದು ಟಿಪ್ಪಣಿ ಬರೆದ ಮೇಲೆಯೇ ಅದು ಚಲಿಸುತ್ತದೆ. ಟಿಪ್ಪಣಿಯಿಲ್ಲದ ಕಡತ ಹೋದ ದಾರಿಯಲ್ಲೇ ಹಿಂದಿರುಗುತ್ತದೆ. ಡಾಪ್ಲರ್ ಪರೀಕ್ಷೆಯೂ ಹಾಗೆಯೇ. ಅದು ವೈದ್ಯರು ಕೇಳಿದ ಪ್ರಶ್ನೆಗೆ ಉತ್ತರ. ಕೂಪನ್ನಿನಲ್ಲಿ ಪ್ರಶ್ನೆಯೇ ಇಲ್ಲ. ನಮ್ಮ ವಾದದ ಸಾರ ಇಷ್ಟೇ.

ಈ ಪರೀಕ್ಷೆ ಏನೆಂಬುದನ್ನು ತಿಳಿಯದೆ ಹೊಗಳುವುದೂ ತರವಲ್ಲ, ತೆಗಳುವುದೂ ತರವಲ್ಲ. ನಮ್ಮ ಮುಂಬಯಿಯ ಯಾವುದೇ ಸಣ್ಣ ಸ್ಟೇಶನ್ನಿನ ಪ್ಲಾಟ್‌ಫಾರ್ಮಿನಲ್ಲಿ ನಿಂತು ನೋಡಿ. ನಿಲ್ಲದೆ ಹೋಗುವ ಫಾಸ್ಟ್ ಲೋಕಲ್ ಹಾರ್ನ್ ಬಾರಿಸುತ್ತ ನಮ್ಮತ್ತ ಬರುವಾಗ ಸ್ವರ ಏರಿರುತ್ತದೆ, ನಮ್ಮನ್ನು ದಾಟಿದೊಡನೆ ಇಳಿಯುತ್ತದೆ. ಹಾರ್ನ್ ಬದಲಾಗಿಲ್ಲ, ಗಾಡಿಯ ಚಲನೆಯಿಂದ ನಮ್ಮ ಕಿವಿಗೆ ಮುಟ್ಟುವ ಕಂಪನಗಳ ಸಂಖ್ಯೆ ಬದಲಾಗಿದೆ. ಆಸ್ಟ್ರಿಯಾದ ಕ್ರಿಸ್ಟಿಯನ್ ಡಾಪ್ಲರ್ ಎಂಬ ವಿಜ್ಞಾನಿ 1842ರಲ್ಲಿ ಪ್ರಾಗ್ ನಗರದಲ್ಲಿ ಜೋಡಿ ನಕ್ಷತ್ರಗಳ ಬಣ್ಣವನ್ನು ಕುರಿತು ಓದಿದ ಪ್ರಬಂಧದಲ್ಲಿ ಈ ತತ್ತ್ವವನ್ನು ಮಂಡಿಸಿದ. 1845ರಲ್ಲಿ ಹಾಲೆಂಡಿನ ಬಾಯ್ಸ್ ಬ್ಯಾಲೆಟ್ ಎಂಬಾತ ರೈಲಿನಲ್ಲಿ ಕಹಳೆಯವರನ್ನು ಕೂರಿಸಿ ಊದಿಸಿ, ಸ್ವರ ಬದಲಾಗುವುದನ್ನು ಕಿವಿಯಾರೆ ಪರೀಕ್ಷಿಸಿದ.

ಇಂದಿನ ಯಂತ್ರದಲ್ಲಿ ಕಹಳೆಯ ಬದಲು ನಮ್ಮ ಕಿವಿಗೆ ಕೇಳಿಸದ ಶಬ್ದವಿದೆ. ಸೆಕೆಂಡಿಗೆ ಇಪ್ಪತ್ತು ಮೂವತ್ತು ಲಕ್ಷ ಕಂಪನಗಳು, ಕೆಲವೊಮ್ಮೆ ಇನ್ನೂ ಹೆಚ್ಚು. ಹೊಟ್ಟೆಯ ಮೇಲೆ ಇಟ್ಟ ಸಾಧನ ಈ ಶಬ್ದವನ್ನು ಒಳಗೆ ಕಳಿಸುತ್ತದೆ. ಹರಿಯುವ ರಕ್ತದ ಕಣಗಳಿಗೆ ತಾಗಿ ಹಿಂದಿರುಗುವ ಶಬ್ದದಲ್ಲಿ ಎಷ್ಟು ವ್ಯತ್ಯಾಸ ಬಂದಿದೆ ಎಂಬುದರಿಂದ ರಕ್ತದ ವೇಗವನ್ನು ಲೆಕ್ಕ ಹಾಕುತ್ತದೆ. ಉದಾಹರಣೆಗೆ, ಮೂವತ್ತು ಲಕ್ಷ ಕಂಪನದ ಶಬ್ದ ಸೆಕೆಂಡಿಗೆ ಒಂದು ಮೀಟರ್ ವೇಗದ ರಕ್ತಕ್ಕೆ 60 ಡಿಗ್ರಿ ಕೋನದಲ್ಲಿ ತಾಗಿದರೆ ವ್ಯತ್ಯಾಸ ಸುಮಾರು 1,950 ಕಂಪನ. ಇದು ನಮ್ಮ ಕಿವಿಗೆ ನಿಲುಕುವ ಸ್ವರ. ಯಂತ್ರದಿಂದ ‘ಶೂ, ಶೂ’ ಎಂಬ ಸದ್ದು ಬರುವುದು ಇದರಿಂದಲೇ. ವಿಕಿರಣವಿಲ್ಲ, ಸೂಜಿಯಿಲ್ಲ, ಮೂತ್ರಪಿಂಡಕ್ಕೆ ಭಾರವಾಗುವ ಬಣ್ಣದ ಔಷಧಿಯೂ ಇಲ್ಲ. ಇಂಥ ಸಾಧನವನ್ನು ಹಗುರವಾಗಿ ನೋಡುವ ಉದ್ದೇಶ ನಮ್ಮದಲ್ಲ.

ಮೂತ್ರಪಿಂಡಗಳಿಗೆ ರಕ್ತದ ಹರಿವು ಎಷ್ಟು ಮುಖ್ಯವೆಂಬುದನ್ನೂ ನೋಡೋಣ. ಎರಡೂ ಸೇರಿ ತೂಕ ಸುಮಾರು 300 ಗ್ರಾಂ. ಆದರೆ ವಿಶ್ರಾಂತಿಯಲ್ಲಿರುವಾಗ ಹೃದಯ ಹೊರಹಾಕುವ ರಕ್ತದ ಐದನೆಯ ಒಂದು ಭಾಗ, ಅಂದರೆ ನಿಮಿಷಕ್ಕೆ ಒಂದು ಲೀಟರಿನಷ್ಟು, ಇವುಗಳ ಮೂಲಕವೇ ಹಾಯುತ್ತದೆ. ಈ ರಕ್ತವನ್ನು ತರುವ ಅಪಧಮನಿ ಕಿರಿದಾದರೆ ಏನಾಗುತ್ತದೆಂಬುದನ್ನು ಅಮೆರಿಕದ ಹ್ಯಾರಿ ಗೋಲ್ಡ್‌ಬ್ಲಾಟ್ 1934ರಲ್ಲಿ ನಾಯಿಗಳ ಮೇಲಿನ ಪ್ರಯೋಗದಲ್ಲಿ ತೋರಿಸಿದ. ಅಪಧಮನಿಯನ್ನು ಚಿಮಟದಿಂದ ಅದುಮಿದಾಗ ಇಡೀ ಶರೀರದ ರಕ್ತದೊತ್ತಡ ಏರಿತು. ನಮ್ಮ ಕಟ್ಟಡಗಳ ನೀರಿನ ಕತೆಯೇ ಇದು. ನಾಲ್ಕನೇ ಮಹಡಿಯ ಒಂದು ಮನೆಯ ಪೈಪು ಕಟ್ಟಿಕೊಂಡಿದೆ. ಆ ಮನೆಯವರು ‘ನೀರೇ ಬರುತ್ತಿಲ್ಲ, ಪಂಪು ಜೋರು ಮಾಡಿ’ ಎಂದು ಕೂಗುತ್ತಾರೆ. ಪಂಪು ಜೋರಾಗುತ್ತದೆ, ಉಳಿದ ಮನೆಗಳ ನಲ್ಲಿಗಳು ಒಡೆಯುತ್ತವೆ. ರಕ್ತ ಸಾಲದ ಮೂತ್ರಪಿಂಡವೂ ರೆನಿನ್ ಎಂಬ ವಸ್ತುವನ್ನು ಬಿಟ್ಟು ಹೀಗೆಯೇ ಕೂಗುತ್ತದೆ. ಕಟ್ಟಿದ ಪೈಪು ಎಲ್ಲಿದೆ ಎಂದು ಹುಡುಕುವುದೇ ಕಿಡ್ನಿ ಡಾಪ್ಲರಿನ ಮುಖ್ಯ ಕೆಲಸ.

ಹಾಗಾದರೆ ಯಾರಿಗೆ ಬೇಕು ಈ ಪರೀಕ್ಷೆ? ಮೂವತ್ತು ವರ್ಷವೂ ತುಂಬದ ಹುಡುಗನಿಗೋ ಹುಡುಗಿಗೋ ಬಿ.ಪಿ. ಗಣನೀಯವಾಗಿ ಏರಿದ್ದರೆ ಬೇಕಾಗಬಹುದು. ಮೂರು ಬಗೆಯ ಮಾತ್ರೆಗಳನ್ನು ತಪ್ಪದೆ ನುಂಗಿದರೂ ಬಿ.ಪಿ. ಇಳಿಯದಿದ್ದರೆ, ಹತೋಟಿಯಲ್ಲಿದ್ದದ್ದು ಒಮ್ಮಿಂದೊಮ್ಮೆ ಕೈಮೀರಿದರೆ ಬೇಕಾಗಬಹುದು. ಕೆಲವು ಬಗೆಯ ಬಿ.ಪಿ. ಮಾತ್ರೆಗಳನ್ನು ಆರಂಭಿಸಿದ ಮೇಲೆ ರಕ್ತದ ಕ್ರಿಯಾಟಿನೈನ್ ಬಹಳ ಏರಿದರೆ, ಸಾಮಾನ್ಯ ಸ್ಕ್ಯಾನಿನಲ್ಲಿ ಒಂದು ಮೂತ್ರಪಿಂಡ ಇನ್ನೊಂದಕ್ಕಿಂತ ಒಂದೂವರೆ ಸೆಂಟಿಮೀಟರಿಗೂ ಹೆಚ್ಚು ಚಿಕ್ಕದಾಗಿ ಕಂಡರೆ ವೈದ್ಯರು ಕೇಳಬಹುದು. ಬದಲಿ ಮೂತ್ರಪಿಂಡ ಜೋಡಿಸಿಕೊಂಡವರಿಗಂತೂ ಇದು ಕಣ್ಣಿದ್ದಂತೆ; ಜೋಡಿಸಿದ ರಕ್ತನಾಳದಲ್ಲಿ ಹರಿವು ಸರಿಯಾಗಿದೆಯೇ ಎಂದು ಹಾಸಿಗೆಯ ಪಕ್ಕದಲ್ಲೇ ನೋಡಬಹುದು. ಈ ಪ್ರತಿಯೊಂದರಲ್ಲಿಯೂ ಒಂದು ಪ್ರಶ್ನೆಯಿರುವುದನ್ನು ಗಮನಿಸಿ. ‘ಐವತ್ತು ದಾಟಿದೆ, ಕೂಪನ್ನಿದೆ’ ಎಂಬುದು ಪ್ರಶ್ನೆಯಲ್ಲ.

‘ಅಪಾಯವಿಲ್ಲದ ಪರೀಕ್ಷೆಯಾದರೆ ಮಾಡಿಸಿಕೊಳ್ಳುವುದರಲ್ಲಿ ನಷ್ಟವೇನು?’ ಎಂದು ಕೇಳುವವರಿದ್ದಾರೆ. ಪ್ರಾಮಾಣಿಕವಾದ ಪ್ರಶ್ನೆ. ಉತ್ತರವನ್ನೂ ಒಂದೊಂದಾಗಿ ಕೊಡೋಣ.

ಮೊದಲನೆಯದು ಬಣ್ಣದ ಮೋಹ. ವರದಿಯ ಜೊತೆ ಬರುವ ಕೆಂಪು ನೀಲಿ ಚಿತ್ರವನ್ನು ನೋಡಿ ಕೆಂಪೆಂದರೆ ಶುದ್ಧ ರಕ್ತ, ನೀಲಿಯೆಂದರೆ ಅಶುದ್ಧ ರಕ್ತ ಎಂದು ತಿಳಿಯುವವರೇ ಹೆಚ್ಚು. ಅದು ಹಾಗಲ್ಲ. ಸಾಮಾನ್ಯವಾಗಿ ಸಾಧನದತ್ತ ಬರುವ ರಕ್ತಕ್ಕೆ ಕೆಂಪು, ದೂರ ಸರಿಯುವ ರಕ್ತಕ್ಕೆ ನೀಲಿ ಎಂದು ಯಂತ್ರವೇ ಬಣ್ಣ ಬಳಿಯುತ್ತದೆ. ಗುಂಡಿ ಒತ್ತಿದರೆ ಬಣ್ಣ ಅದಲು ಬದಲಾಗುತ್ತದೆ. ನಾಳ ಅಂಕುಡೊಂಕಾಗಿದ್ದರೆ ಒಂದೇ ನಾಳದಲ್ಲಿ ಎರಡೂ ಬಣ್ಣ ಕಾಣಬಹುದು. ಚಿತ್ರ ಚೆಂದವಾಗಿ ಬಂದಿದೆಯೆಂದರೆ ಮೂತ್ರಪಿಂಡ ಚೆನ್ನಾಗಿದೆ ಎಂದಲ್ಲ.

ಎರಡನೆಯದು ಕೋನದ ಲೆಕ್ಕ. ವೇಗ ಹೇಳಬೇಕಾದರೆ ಶಬ್ದ ಯಾವ ಕೋನದಲ್ಲಿ ರಕ್ತನಾಳಕ್ಕೆ ತಾಗಿತೆಂದು ಪರೀಕ್ಷಕರು ಪರದೆಯ ಮೇಲೆ ಗೆರೆ ಎಳೆದು ತಿಳಿಸಬೇಕು. ಮೂತ್ರಪಿಂಡದ ಅಪಧಮನಿಯಲ್ಲಿ ವೇಗ ಸೆಕೆಂಡಿಗೆ 180ರಿಂದ 200 ಸೆಂಟಿಮೀಟರ್ ದಾಟಿದರೆ ನಾಳ ಕಿರಿದಾಗಿರಬಹುದೆಂದು ಸಂಶಯಪಡುತ್ತಾರೆ. ನಿಜವಾದ ವೇಗ 140, ನಿಜವಾದ ಕೋನ 60 ಡಿಗ್ರಿ ಎಂದಿಟ್ಟುಕೊಳ್ಳಿ. ಅವಸರದಲ್ಲಿ ಗೆರೆ ತಪ್ಪಿ 70 ಡಿಗ್ರಿ ಎಂದಾದರೆ ಯಂತ್ರ ತೋರಿಸುವ ವೇಗ ಸುಮಾರು 205! ಕೊಸೈನ್ ಕೋಷ್ಟಕ ಬಲ್ಲ ಯಾವ ವಿದ್ಯಾರ್ಥಿಯೂ ಇದನ್ನು ಲೆಕ್ಕ ಹಾಕಿ ನೋಡಬಹುದು. ಹತ್ತು ಡಿಗ್ರಿಯ ತಪ್ಪಿನಲ್ಲಿ ಆರೋಗ್ಯವಂತ ರೋಗಿಯಾದ. ಆದ್ದರಿಂದಲೇ ಕೋನವನ್ನು 60 ಡಿಗ್ರಿಯೊಳಗೆ ಇಡಬೇಕೆಂಬ ನಿಯಮವಿದೆ. ನಿಯಮ ಪಾಲಿಸುವುದಕ್ಕೆ ನುರಿತ ಕೈ ಬೇಕು, ಸಮಯ ಬೇಕು.

ಮೂರನೆಯದು ಈ ಸಮಯದ ಮಾತೇ. ಎರಡು ಮೂತ್ರಪಿಂಡ, ಎರಡು ಮುಖ್ಯ ಅಪಧಮನಿ, ಅವುಗಳ ಒಳಕವಲು, ಹೊಟ್ಟೆಯ ಮಹಾಪಧಮನಿ, ಹಿಂದಿರುಗುವ ಅಭಿಧಮನಿಗಳು ಇವೆಲ್ಲವನ್ನೂ ನೋಡಬೇಕು. ಅನೇಕರಿಗೆ ಒಂದು ಬದಿಯಲ್ಲಿ ಒಂದಕ್ಕಿಂತ ಹೆಚ್ಚು ಅಪಧಮನಿಗಳಿರುತ್ತವೆ. ಹುಡುಕದಿದ್ದರೆ ಕಣ್ಣಿಗೇ ಬೀಳುವುದಿಲ್ಲ. ಕರುಳಿನ ವಾಯು ಅಡ್ಡ ಬರಬಾರದೆಂದು ಆರೆಂಟು ಗಂಟೆ ಉಪವಾಸವಿರಲು ಹೇಳುತ್ತಾರೆ. ಶ್ರದ್ಧೆಯಿಂದ ಮಾಡಿದರೆ ಒಬ್ಬರಿಗೆ ಅರ್ಧ ಗಂಟೆಗೆ ಕಡಿಮೆಯಾಗದ ಕೆಲಸವಿದು. ಅರ್ಧ ದರದ ಕೂಪನ್ನು ಹಿಡಿದು ಒಂದೇ ಭಾನುವಾರ ನೂರು ಜನ ಸಾಲುಗಟ್ಟಿದರೆ ಒಬ್ಬೊಬ್ಬರಿಗೆ ಎಷ್ಟು ನಿಮಿಷ ಸಿಕ್ಕೀತು? ಅದೂ ನಮ್ಮ ಶಿಬಿರದ ಉಪ್ಪಿಟ್ಟು, ಬನ್ಸ್, ಕಾಫಿ ಮುಗಿಸಿ ಹೋದವರ ಹೊಟ್ಟೆಯಲ್ಲಿ ಅಪಧಮನಿ ಕಂಡೀತೆ, ವಾಯು ಕಂಡೀತೆ?

ನಾಲ್ಕನೆಯದು ಅಂಕಿಗಳ ಭೂತ. ವರದಿಯಲ್ಲಿ ‘ರೆಸಿಸ್ಟಿವ್ ಇಂಡೆಕ್ಸ್’ ಎಂಬ ಒಂದು ಸಂಖ್ಯೆಯಿರುತ್ತದೆ. ಹೃದಯ ಬಡಿದಾಗಿನ ಗರಿಷ್ಠ ವೇಗದಿಂದ ಬಡಿತದ ಕೊನೆಯ ವೇಗವನ್ನು ಕಳೆದು, ಬಂದದ್ದನ್ನು ಗರಿಷ್ಠ ವೇಗದಿಂದ ಭಾಗಿಸಿದರೆ ಸಿಗುವ ಸಂಖ್ಯೆ. ಗರಿಷ್ಠ 50, ಕೊನೆಯದು 20 ಆದರೆ 0.60. ವಯಸ್ಕರಲ್ಲಿ 0.70ರವರೆಗೆ ಸಾಮಾನ್ಯವೆನ್ನುತ್ತಾರೆ. ಆದರೆ ವಯಸ್ಸಾದಂತೆ ರಕ್ತನಾಳಗಳು ಬಿರುಸಾಗುವುದರಿಂದ ಹಿರಿಯರಲ್ಲಿ ಇದು ಸಹಜವಾಗಿಯೇ ಏರುತ್ತದೆ. ಎಪ್ಪತ್ತೈದರ ಅಜ್ಜನ ವರದಿಯಲ್ಲಿ 0.74 ಎಂದು ನೋಡಿ, ಪಕ್ಕದಲ್ಲಿ ಅಚ್ಚಾದ 0.70ರೊಡನೆ ಹೋಲಿಸಿ, ಮನೆಮಂದಿಯೆಲ್ಲ ರಾತ್ರಿ ನಿದ್ದೆಗೆಡುವುದನ್ನು ನಾವು ಕಂಡಿದ್ದೇವೆ. ರೋಗಿಯನ್ನು ಮುಟ್ಟಿ ನೋಡಿದ ವೈದ್ಯರಿಲ್ಲದಿದ್ದರೆ ಆ ಅಂಕಿಗೆ ಅರ್ಥವಿಲ್ಲ.

ಐದನೆಯದು ಮುಂದಿನ ಮೆಟ್ಟಿಲುಗಳು. ಡಾಪ್ಲರಿಗೆ ಅಪಾಯವಿಲ್ಲದಿರಬಹುದು, ಅದರ ಸಂಶಯ ಎಳೆದೊಯ್ಯುವ ದಾರಿಗೆ ಅಪಾಯವಿದೆ. ಸಂಶಯವೆಂದರೆ ಬಣ್ಣದ ಔಷಧಿ ಕೊಟ್ಟು ಸಿ.ಟಿ., ಅಲ್ಲಿಂದ ಆಂಜಿಯೋಗ್ರಾಂ, ಅಲ್ಲಿಂದ ಸ್ಟೆಂಟ್. ಕೊಬ್ಬು ಕಟ್ಟಿ ಕಿರಿದಾದ ನಾಳಕ್ಕೆ ಸ್ಟೆಂಟ್ ಹಾಕಿದರೆ ಎಲ್ಲ ಸರಿಹೋಗುವುದೆಂದು ಒಂದು ಕಾಲಕ್ಕೆ ವೈದ್ಯಲೋಕವೂ ನಂಬಿತ್ತು. ಆದರೆ 806 ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ‘ಆಸ್ಟ್ರಲ್’ ಅಧ್ಯಯನ, 947 ರೋಗಿಗಳ ಮೇಲೆ ನಡೆದು 2014ರಲ್ಲಿ ಅಚ್ಚಾದ ‘ಕೋರಲ್’ ಅಧ್ಯಯನ ಇವೆರಡೂ ಹೇಳಿದ್ದು ಒಂದೇ: ಇಂಥ ರೋಗಿಗಳಲ್ಲಿ ಒಳ್ಳೆಯ ಔಷಧೋಪಚಾರದ ಮೇಲೆ ಸ್ಟೆಂಟನ್ನೂ ಸೇರಿಸಿದ್ದರಿಂದ ಸಾರ್ಥಕವಾದ ಹೆಚ್ಚಿನ ಲಾಭ ಕಾಣಲಿಲ್ಲ. ಕೆಲವರಿಗೆ, ಮುಖ್ಯವಾಗಿ ಶ್ವಾಸಕೋಶದಲ್ಲಿ ಮತ್ತೆ ಮತ್ತೆ ದಿಢೀರನೆ ನೀರು ತುಂಬುವವರಿಗೆ, ನಾಳ ಹಿಗ್ಗಿಸುವುದು ಇಂದಿಗೂ ಉಪಯುಕ್ತವಾಗಬಹುದು. ಅದನ್ನು ನಿರ್ಧರಿಸುವವರು ತಜ್ಞರು. ತೊಂದರೆಯೇ ಇಲ್ಲದವರನ್ನು ಕೂಪನ್ನಿನ ಮೂಲಕ ಆ ಮೆಟ್ಟಿಲು ಹತ್ತಿಸುವುದು ಬೇರೆ ಮಾತು.

ಆರನೆಯದು ಎಲ್ಲಕ್ಕಿಂತ ದೊಡ್ಡದು: ಸುಳ್ಳು ಧೈರ್ಯ. ನಮ್ಮ ಜನರಲ್ಲಿ ಮೂತ್ರಪಿಂಡ ಕೆಡಿಸುವ ಮುಖ್ಯ ಶತ್ರುಗಳು ಸಕ್ಕರೆ ಕಾಯಿಲೆ ಮತ್ತು ಹತೋಟಿಯಿಲ್ಲದ ರಕ್ತದೊತ್ತಡ. ಸಕ್ಕರೆ ಕಾಯಿಲೆಯಿಂದ ಆಗುವ ಹಾನಿ ದೊಡ್ಡ ನಾಳದಲ್ಲಿ ಶುರುವಾಗುವುದಿಲ್ಲ, ಒಳಗಿನ ಲಕ್ಷಾಂತರ ಸೂಕ್ಷ್ಮ ಜರಡಿಗಳಲ್ಲಿ ಶುರುವಾಗುತ್ತದೆ. ಅದರ ಮೊದಲ ಸುಳಿವು ಮೂತ್ರದಲ್ಲಿ ಸೋರುವ ಆಲ್ಬುಮಿನ್. ಆ ಹಂತದಲ್ಲಿ ಡಾಪ್ಲರ್ ವರದಿ ‘ಎಲ್ಲ ಸರಿ’ ಎಂದೇ ಬರಬಹುದು. ‘ಕಲರ್ ಡಾಪ್ಲರ್ ಮಾಡಿಸಿದ್ದೇನೆ, ನನ್ನ ಕಿಡ್ನಿ ಗಟ್ಟಿ’ ಎಂದು ನಂಬಿ ಮೂತ್ರ ಪರೀಕ್ಷೆಯನ್ನು ಬಿಟ್ಟವನಿಗೆ ಕೂಪನ್ನು ಉಪಕಾರ ಮಾಡಿತೋ ಅಪಕಾರ ಮಾಡಿತೋ ಓದುಗರೇ ಹೇಳಲಿ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆ ನಮ್ಮಲ್ಲಿದೆ. ಬಿ.ಪಿ. ನೋಡಿಸದವನಿಗೆ ಡಾಪ್ಲರ್ ಮಾಡಿಸುವುದು ಈ ಜಾತಿಯ ಶೃಂಗಾರ. ನಮ್ಮ ಸದಸ್ಯರಲ್ಲಿ ಹೋಟೆಲಿನ ಒಲೆಯ ಮುಂದೆ ಹತ್ತು ಹನ್ನೆರಡು ಗಂಟೆ ನಿಂತು, ಸಂಜೆ ಕಾಲುನೋವಿಗೆ ಮೆಡಿಕಲ್ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುವವರೆಷ್ಟಿಲ್ಲ? ಆ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗುವುದು ಮೂತ್ರಪಿಂಡಕ್ಕೆ ಕೇಡೆಂದು ಅವರಿಗೆ ಹೇಳಿದವರು ಯಾರು? ನಮ್ಮಂಥ ಕೇಂದ್ರ ನೌಕರರಿಗೆ ಸಿ.ಜಿ.ಎಚ್.ಎಸ್. ಕಾರ್ಡಿದೆ. ಅವರಿಗೆ ಇರುವುದು ಸಂಘ ಮಾತ್ರ. ಸಂಘವು ಅವರಿಗೆ ಮೊದಲು ಕೊಡಬೇಕಾದ್ದು ಮೂರೇ ಪರೀಕ್ಷೆ: ಬಿ.ಪಿ., ಮೂತ್ರದ ಆಲ್ಬುಮಿನ್, ರಕ್ತದ ಕ್ರಿಯಾಟಿನೈನ್. ಸಕ್ಕರೆಯನ್ನೂ ಜೊತೆಗೆ ನೋಡಿದರೆ ಇನ್ನೂ ಒಳ್ಳೆಯದು. ಮೂತ್ರದಲ್ಲಿ ಒಂದು ಗ್ರಾಂ ಕ್ರಿಯಾಟಿನೈನಿಗೆ 30 ಮಿಲಿಗ್ರಾಮಿಗಿಂತ ಹೆಚ್ಚು ಆಲ್ಬುಮಿನ್ ಸೋರುವುದು ಮೂರು ತಿಂಗಳ ನಂತರವೂ ನಿಲ್ಲದಿದ್ದರೆ ಅದು ಮೂತ್ರಪಿಂಡದ ದೀರ್ಘರೋಗದ ಲಕ್ಷಣ. ಇದನ್ನು ಬೇಗ ಕಂಡುಕೊಂಡರೆ ಔಷಧಿಯಿಂದ ತಡೆದು ನಿಲ್ಲಿಸುವ ಅವಕಾಶವುಂಟು. ತಡವಾದರೆ ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್. ದುಡಿಯುವ ಕೈ ಕುಳಿತುಬಿಡುತ್ತದೆ, ಊರಿನ ಮನೆಗೆ ಹೋಗುವ ಹಣ ನಿಂತುಹೋಗುತ್ತದೆ.

ನಮ್ಮ ಈ ಮಾತುಗಳನ್ನು ಕೇಳಿ ‘ನೋಡಿದಿರಾ, ಪರೀಕ್ಷೆಗಳೆಲ್ಲ ಬರೀ ಲೂಟಿ’ ಎಂದು ಎದೆಯುಬ್ಬಿಸುವ ಇನ್ನೊಂದು ಪಂಗಡವಿದೆ. ಅವರ ಜೊತೆಗೂ ನಾವಿಲ್ಲ. ಇಪ್ಪತ್ತೆರಡರ ಹುಡುಗಿಗೆ ಬಿ.ಪಿ. 170 ಬಂದರೆ ‘ಪರೀಕ್ಷೆಯ ಚಿಂತೆ, ಮದುವೆಯಾದ ಮೇಲೆ ಸರಿಹೋಗುತ್ತದೆ’ ಎಂದು ಮುಚ್ಚಿಡುವ ಮನೆಗಳು ನಮ್ಮಲ್ಲಿವೆ. ಟಕಯಾಸು ಎಂಬ ರೋಗವೊಂದಿದೆ. 1908ರಲ್ಲಿ ಅದನ್ನು ಗುರುತಿಸಿದ ಜಪಾನಿನ ಕಣ್ಣಿನ ವೈದ್ಯರ ಹೆಸರೇ ಅದಕ್ಕೆ. ದೊಡ್ಡ ಅಪಧಮನಿಗಳ ಗೋಡೆ ಊದಿ ಕಿರಿದಾಗುವ ಈ ರೋಗ ಹೆಚ್ಚಾಗಿ ಹರೆಯದ ಹೆಣ್ಣುಮಕ್ಕಳನ್ನು ಹಿಡಿಯುತ್ತದೆ. ಮೂತ್ರಪಿಂಡದ ನಾಳವನ್ನೂ ಅದುಮುತ್ತದೆ. ಒಂದು ಕೈಯ ನಾಡಿ ಕ್ಷೀಣವಾಗಿರುವುದು, ಎರಡು ಕೈಗಳ ಬಿ.ಪಿ. ಬೇರೆ ಬೇರೆಯಾಗಿರುವುದು ಅದರ ಸುಳಿವು. ನಾಳದ ಗೋಡೆಯ ಸ್ನಾಯುಪದರ ಗಂಟುಗಂಟಾಗುವ ಇನ್ನೊಂದು ದೋಷವೂ ಹರೆಯದವರಲ್ಲಿ ಕಾಣುತ್ತದೆ. ಅದರಲ್ಲಿ ಬಲೂನಿನಿಂದ ನಾಳ ಹಿಗ್ಗಿಸಿದರೆ ಅನೇಕರ ಬಿ.ಪಿ. ಇಳಿಯುತ್ತದೆ. ಇಂಥ ಹುಡುಗಿಗೆ ವೈದ್ಯರು ಡಾಪ್ಲರ್ ಬರೆದುಕೊಟ್ಟರೆ ಸಾಲ ಮಾಡಿಯಾದರೂ ಮಾಡಿಸಬೇಕು. ಅಲ್ಲಿ ಪ್ರಶ್ನೆಯಿದೆ, ಉತ್ತರ ಸಿಕ್ಕರೆ ಬದುಕು ಬದಲಾಗುತ್ತದೆ. ಬೇಡದ ನೂರು ಜನರಿಗೆ ಕೂಪನ್ನು ಹಂಚುವ ಉತ್ಸಾಹದಲ್ಲಿ ಈ ಒಬ್ಬ ಹುಡುಗಿಯನ್ನು ಮರೆತರೆ ಸಂಘದ ಸೇವೆಗೆ ಅರ್ಥವೇನು?

ನಮಗೆ ಬೇಕಾದ ಇನ್ನೊಂದು ಸೇವೆಯನ್ನು ಯಾವ ಸ್ಕ್ಯಾನ್ ಕೇಂದ್ರವೂ ಕೊಡಲಾರದು. ಊರಿನಿಂದ ಮಗನ ಮನೆಗೆ ಬಂದ ತಾಯಿಗೆ ಹಿಂದಿ ಬಾರದು, ಮರಾಠಿ ಬಾರದು. ಉಸಿರಾಡಿದಾಗ ಮೂತ್ರಪಿಂಡ ಮೇಲೆ ಕೆಳಗೆ ಸರಿಯುವುದರಿಂದ ಡಾಪ್ಲರ್ ಮಾಡುವಾಗ ‘ಸಾಂಸ್ ರೋಕೋ’ ಎನ್ನುತ್ತಾರೆ. ಆ ತಾಯಿ ಗಾಬರಿಯಾಗಿ ಇನ್ನೂ ಜೋರಾಗಿ ಉಸಿರಾಡುತ್ತಾರೆ. ಗೆರೆ ತಪ್ಪುತ್ತದೆ, ‘ಸರಿಯಾಗಿ ಕಾಣಲಿಲ್ಲ’ ಎಂದು ವರದಿ ಬರುತ್ತದೆ, ಹಣವೂ ಹೋಗುತ್ತದೆ. ಪಕ್ಕದಲ್ಲಿ ನಿಂತು ‘ಅಮ್ಮಾ, ಉಸಿರು ಹಿಡಿದುಕೊಳ್ಳಿ... ಆಯ್ತು, ಈಗ ಬಿಡಿ’ ಎನ್ನುವ ಒಬ್ಬ ಕನ್ನಡಿಗನಿದ್ದರೆ ಅದೇ ಪರೀಕ್ಷೆ ಸಾರ್ಥಕವಾಗುತ್ತದೆ. ಪರನಾಡಿನಲ್ಲಿ ಕನ್ನಡದ ಕೆಲಸವೆಂದರೆ ರಾಜ್ಯೋತ್ಸವದ ಭಾಷಣ ಮಾತ್ರವೇ?

ಆದ್ದರಿಂದ ಕಾರ್ಯಕಾರಿ ಸಮಿತಿಯ ಮುಂದೆ ನಮ್ಮ ಬೇಡಿಕೆಗಳು ಇವು. ಡಾಪ್ಲರ್ ಕೂಪನ್ನಿನ ಸೂಚನೆಯನ್ನು ಕೈಬಿಡಬೇಕು. ಜಾಹೀರಾತು ಬರಲಿ, ಬೇಡವೆನ್ನುವುದಿಲ್ಲ; ಅದಕ್ಕೆ ಪ್ರತಿಯಾಗಿ ಸದಸ್ಯರನ್ನು ಗಿರಾಕಿಗಳನ್ನಾಗಿ ಒಪ್ಪಿಸುವುದು ಬೇಡ. ಪ್ರತಿ ತಿಂಗಳ ಒಂದು ಭಾನುವಾರ ಸಂಘದ ಸಭಾಗೃಹದಲ್ಲಿ ಒಂದು ಮೇಜು ಹಾಕಿ ಬಿ.ಪಿ. ಮತ್ತು ಮೂತ್ರ ಪರೀಕ್ಷೆ ನಡೆಸಬೇಕು. ನಮ್ಮ ಸದಸ್ಯರಲ್ಲೇ ವೈದ್ಯರು, ದಾದಿಯರು ಇದ್ದಾರೆ, ಕೇಳಿದರೆ ಇಲ್ಲವೆನ್ನಲಾರರು. ಏರುಪೇರು ಕಂಡವರನ್ನು ವೈದ್ಯರ ಬಳಿಗೆ ಕಳಿಸಿ, ವೈದ್ಯರು ಡಾಪ್ಲರ್ ಬೇಕೆಂದರೆ, ಕೈಯಲ್ಲಿ ಹಣವಿಲ್ಲದವರಿಗೆ ಸಂಘದ ನಿಧಿಯಿಂದ ಪೂರ್ತಿ ವೆಚ್ಚ ಕೊಡಬೇಕು. ನೂರು ಜನರಿಗೆ ಅರ್ಧ ದರಕ್ಕಿಂತ ಅಗತ್ಯವಿರುವ ಐವರಿಗೆ ಪೂರ್ತಿ ದರ ಮೇಲು. ಜೊತೆಗೆ ಹೋಗಲು ಕನ್ನಡ ಬಲ್ಲ ತರುಣ ತರುಣಿಯರ ಒಂದು ಪಟ್ಟಿ ಮಾಡಬೇಕು. ಆ ಪಟ್ಟಿಯಲ್ಲಿ ಮೊದಲ ಹೆಸರು ನಮ್ಮದೇ ಇರಲಿ. ತರುಣರಲ್ಲದಿದ್ದರೂ ಶನಿವಾರ ರಜೆಯಿದೆ.

ಓದುಗ ಬಂಧುಗಳಲ್ಲಿಯೂ ಒಂದು ವಿನಂತಿ. ಯಾರಾದರೂ ಡಾಪ್ಲರ್ ಮಾಡಿಸಿ ಎಂದರೆ ಹೆದರಲೂ ಬೇಡಿ, ಹಿಗ್ಗಲೂ ಬೇಡಿ. ‘ಡಾಕ್ಟರೇ, ಇದರಿಂದ ಯಾವ ವಿಷಯ ತಿಳಿಯಬೇಕಾಗಿದೆ? ತಿಳಿದ ಮೇಲೆ ನಮ್ಮ ಔಷಧೋಪಚಾರದಲ್ಲಿ ಏನು ಬದಲಾಗುತ್ತದೆ?’ ಎಂದು ವಿನಯದಿಂದ ಕೇಳಿ. ಒಳ್ಳೆಯ ವೈದ್ಯರು ಇದಕ್ಕೆ ಬೇಸರಪಡುವುದಿಲ್ಲ. ಉತ್ತರ ಮನಸ್ಸಿಗೆ ಒಪ್ಪಿದರೆ ಉಪವಾಸವಿದ್ದು, ಹಳೆಯ ವರದಿಗಳನ್ನು ತೆಗೆದುಕೊಂಡು, ತಡಮಾಡದೆ ಹೋಗಿ. ನಮ್ಮ ಮಾತನ್ನು ಒಪ್ಪದವರು ಮುಂದಿನ ಸಂಚಿಕೆಗೆ ಧಾರಾಳವಾಗಿ ಬರೆಯಲಿ. ಆದರೆ ಬರೆಯಲು ಕೂಡುವ ಮೊದಲು ಒಮ್ಮೆ ತಮ್ಮ ಬಿ.ಪಿ. ನೋಡಿಸಿಕೊಂಡು ಬರಲಿ.